ಬ್ರಿಟ್ಟನ್, ಡ್ಯುರುಫ್ಲೆ, ಪ್ಯಾರ್ಟ್: ಹಳೆಯ ಚರ್ಚ್ ಹಾಡಿನಿಂದ ಹುಟ್ಟಿದ ಹೊಸ ವೃಂದಗಾನದಲ್ಲಿ ನಿಮಗೆ ಯಾವುದು?

ಅಕ್ಟೋಬರ್ ಮುಗಿಯುತ್ತಿದ್ದಂತೆ ನನಗೆ ಒಂದೇ ಥರದ ಮೆಸೇಜುಗಳು ಬರಲು ಶುರುವಾಗುತ್ತವೆ. "ಆ ಹಳೇ ಕಾಲದ ಚರ್ಚ್ ಹಾಡಿನ ಥರಾನೇ ಇರಬೇಕು, ಆದ್ರೆ ಈಚಿನ ಕಾಲದ್ದಾಗಿರಬೇಕು. ಏನಾದ್ರೂ ಹೇಳು." ಕೇಳುವವರಲ್ಲಿ ಎರಡು ಬಗೆ. ಕೆಲವರಿಗೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಲು ಬೇಕು. ಇನ್ನು ಕೆಲವರು ಸಣ್ಣದೊಂದು ಕ್ವಾಯರ್ (ವೃಂದಗಾನದ ಗುಂಪು) ಕಟ್ಟಿಕೊಂಡಿದ್ದಾರೆ, ಅವರಿಗೆ ಹಾಡಲು ಬೇಕು. ನಾನು ಬೆಂಗಳೂರಿನಲ್ಲಿ ಹನ್ನೆರಡು ಜನರ ಹವ್ಯಾಸಿ ಕ್ವಾಯರ್ ಒಂದರಲ್ಲಿ ಟೆನರ್, ಅಂದರೆ ಗಂಡಸರ ಮೇಲಿನ ದನಿ, ಹಾಡುತ್ತೇನೆ. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು.

ಮೊದಲು ಒಂದು ಹೆಸರನ್ನು ಪಕ್ಕಕ್ಕಿಡೋಣ. "ಮಧ್ಯಯುಗದ ಕೋರಸ್" ಅಂದ ತಕ್ಷಣ ಎಲ್ಲರೂ ಹೇಳುವುದು ಕಾರ್ಲ್ ಓರ್ಫ್ ಅವರ 'ಕಾರ್ಮಿನಾ ಬುರಾನಾ'. ಜಾಹೀರಾತು, ಟ್ರೇಲರ್‌ಗಳಲ್ಲಿ ಗುಡುಗುವ 'ಓ ಫೋರ್ತೂನಾ' ಇದೆಯಲ್ಲ, ಅದು. 1937ರಲ್ಲಿ ಮೊದಲ ಪ್ರದರ್ಶನ ಕಂಡ ಕೃತಿ, ಚೆನ್ನಾಗಿಯೂ ಇದೆ. ಆದರೆ ಅದರಲ್ಲಿ ಭಕ್ತಿ ಹುಡುಕಬೇಡಿ. ಅಲ್ಲಿರುವುದು ಕುಡಿತ, ಪ್ರೇಮ, ವಸಂತ, ಅದೃಷ್ಟದ ಆಟ. ಹಳೆಯ ಹಸ್ತಪ್ರತಿಯಿಂದ ಬಂದದ್ದು ಪದ್ಯಗಳು, ರಾಗವೆಲ್ಲ ಓರ್ಫ್ ಅವರದೇ. ನಿಮಗೆ ಗುಡುಗೇ ಬೇಕಿದ್ದರೆ ಅಲ್ಲಿಗೆ ಹೋಗಿ, ಈ ಲೇಖನ ನಿಮಗಲ್ಲ.

ಉಳಿದವುಗಳಲ್ಲಿ ಆರಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಸಂಗೀತಗಾರ ಹಳೆಯ ಹಾಡಿನಿಂದ ಏನನ್ನು ಎತ್ತಿಕೊಂಡ? ಮಾತನ್ನೋ, ರಾಗವನ್ನೋ, ಇಲ್ಲ ಅದರ ಶಿಸ್ತನ್ನೋ? ಇಂಗ್ಲೆಂಡಿನ ಬ್ರಿಟ್ಟನ್ ಮಾತನ್ನು ತೆಗೆದುಕೊಂಡರು. ಫ್ರಾನ್ಸಿನ ಡ್ಯುರುಫ್ಲೆ ರಾಗವನ್ನು ತೆಗೆದುಕೊಂಡರು. ಎಸ್ಟೋನಿಯಾದ ಪ್ಯಾರ್ಟ್ ಅವೆರಡಕ್ಕಿಂತ ಹೆಚ್ಚಾಗಿ ಶಿಸ್ತನ್ನು ತೆಗೆದುಕೊಂಡರು.

ನಮಗೆ ಇದರಲ್ಲಿ ಮೊದಲನೆಯದು ತುಂಬ ಪರಿಚಿತ. ವಚನಗಳ ಮಾತು ಉಳಿದಿದೆ, ಆಗ ಅವನ್ನು ಹೇಗೆ ಹಾಡುತ್ತಿದ್ದರು ಅನ್ನುವುದು ಉಳಿದಿಲ್ಲ. ದಾಸರ ಪದಗಳಲ್ಲೂ ಬಹುಪಾಲು ಹೀಗೆಯೇ. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ ಹಾಡಿದರೆ ಇನ್ನೊಬ್ಬರು ಬೇರೆ ರಾಗದಲ್ಲಿ ಹಾಡುತ್ತಾರೆ, ನಾವು ಎರಡಕ್ಕೂ ತಲೆದೂಗುತ್ತೇವೆ. ಯುರೋಪಿನ ಮಠಗಳಲ್ಲಿ ಕಥೆ ಬೇರೆ. ಅಲ್ಲಿನ ಲ್ಯಾಟಿನ್ ಪ್ರಾರ್ಥನೆಯ ಹಾಡಿಗೆ ಗ್ರೆಗೋರಿಯನ್ ಚಾಂಟ್ ಅನ್ನುತ್ತಾರೆ. ಎಲ್ಲರೂ ಒಂದೇ ರಾಗದಲ್ಲಿ ಹಾಡುವುದು, ಪಕ್ಕವಾದ್ಯ ಇಲ್ಲ, ತಾಳ ಇಲ್ಲ. 9ನೇ ಶತಮಾನದಿಂದಲೇ ಸನ್ಯಾಸಿಗಳು ಪದಗಳ ಮೇಲೆ ಸಣ್ಣ ಗೀಟು, ಕೊಕ್ಕೆ ಎಳೆದು ಸ್ವರದ ಏರಿಳಿತ ಗುರುತಿಸಲು ತೊಡಗಿದರು. 11ನೇ ಶತಮಾನದಲ್ಲಿ ಇಟಲಿಯ ಅರೆಟ್ಸೋ ಊರಿನ ಗೀಡೋ ಅನ್ನುವ ಸನ್ಯಾಸಿ ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿಯನ್ನು ಗಟ್ಟಿ ಮಾಡಿದರು. ಹಾಗಾಗಿ ರಾಗವೂ ಕಾಗದದ ಮೇಲೆ ಉಳಿಯಿತು. 20ನೇ ಶತಮಾನದವರಿಗೆ ಆರಿಸಿಕೊಳ್ಳಲು ಅವಕಾಶ ಸಿಕ್ಕಿದ್ದೇ ಇದರಿಂದ.

ಮಾತು ಬೇಕಿದ್ದರೆ: ಬ್ರಿಟ್ಟನ್

1942ರ ಮಾರ್ಚ್. ಯುದ್ಧ ನಡೆಯುತ್ತಿದೆ. ಬೆಂಜಮಿನ್ ಬ್ರಿಟ್ಟನ್ ಅಮೆರಿಕದಿಂದ ಇಂಗ್ಲೆಂಡಿಗೆ 'ಆಕ್ಸೆಲ್ ಜಾನ್ಸನ್' ಅನ್ನುವ ಸ್ವೀಡಿಷ್ ಸರಕು ಹಡಗಿನಲ್ಲಿ ವಾಪಸು ಹೊರಟಿದ್ದಾರೆ. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಭಯ. ಪ್ರಯಾಣಕ್ಕೆ ಹಿಡಿದದ್ದು ಸುಮಾರು ಒಂದು ತಿಂಗಳು. ದಾರಿಯಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಹಡಗು ನಿಂತಾಗ ಅವರು ಹಳೆಯ ಇಂಗ್ಲಿಷ್ ಕವನಗಳ ಒಂದು ಸಂಕಲನ ಕೊಂಡರು. ಹಾರ್ಪ್ ಅನ್ನುವ ತಂತಿವಾದ್ಯಕ್ಕೆ ಬರೆಯುವುದು ಹೇಗೆ ಅನ್ನುವ ಪುಸ್ತಕಗಳು ಮೊದಲೇ ಜೊತೆಯಲ್ಲಿದ್ದವು. ಎರಡೂ ಸೇರಿ 'ಎ ಸೆರಿಮನಿ ಆಫ್ ಕ್ಯಾರೊಲ್ಸ್' ಆಯಿತು.

ಎಳೆಯ ದನಿಗಳಿಗೆ, ಒಂದು ಹಾರ್ಪ್‌ಗೆ ಬರೆದದ್ದು. ಒಟ್ಟು 23 ನಿಮಿಷದ ಆಸುಪಾಸು. ಶುರುವಿನಲ್ಲಿ ಹುಡುಗರು 'ಹೋದಿಯೆ' ಅನ್ನುವ ಕ್ರಿಸ್ಮಸ್ ಚಾಂಟನ್ನು ಹಾಡುತ್ತಾ ನಡೆದುಬರುತ್ತಾರೆ, ಕೊನೆಯಲ್ಲಿ ಅದನ್ನೇ ಹಾಡುತ್ತಾ ಹೊರಟುಹೋಗುತ್ತಾರೆ. ನಡುವೆ ಹಾಡುವ ರಾಗವೆಲ್ಲ ಹೊಸದು. ಪದ್ಯಗಳೂ ಪೂರ್ತಿ ಮಧ್ಯಯುಗದವಲ್ಲ, ಕೆಲವು 16ನೇ ಶತಮಾನದವು. ಅತಿ ಶುದ್ಧಿಯವರಿಗೆ ಇದು ಕಿರಿಕಿರಿ ಆಗಬಹುದು. ನನಗಂತೂ ಆಗಿಲ್ಲ.

'ದಿಸ್ ಲಿಟಲ್ ಬೇಬ್' ಒಂದನ್ನೇ ನೋಡಿ. ಒಂದೂವರೆ ನಿಮಿಷದ ಹಾಡು. ಮೊದಲ ಸಲ ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಎರಡನೇ ಸಲ ಒಂದು ಗುಂಪಿನ ಬೆನ್ನಿಗೇ ಇನ್ನೊಂದು ಗುಂಪು ಅದನ್ನೇ ಹಿಡಿಯುತ್ತದೆ. ಆಮೇಲೆ ಮೂರನೇ ಗುಂಪೂ ಸೇರುತ್ತದೆ. ಕಣಿವೆಯಲ್ಲಿ ಕೂಗಿದರೆ ದನಿ ಮುಗಿಯುವ ಮೊದಲೇ ಮಾರ್ದನಿ ಬಂದು ಡಿಕ್ಕಿ ಹೊಡೆದ ಹಾಗೆ. ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸು ಸೈತಾನನ ಕೋಟೆಗೆ ಲಗ್ಗೆ ಹಾಕುತ್ತದೆ ಅನ್ನುವುದು ಪದ್ಯದ ಸಾರ. ಅಟ್ಲಾಂಟಿಕ್ ದಾಟುತ್ತಾ ಇಂಥ ಯುದ್ಧದ ಪದ್ಯ ಆರಿಸಿಕೊಂಡದ್ದು ಸುಮ್ನೆ ಅಲ್ಲ ಅನ್ನಿಸುತ್ತದೆ.

ಹಾಡುವವರಿಗೆ ಒಂದು ಸಮಾಧಾನದ ವಿಷಯ. ಹಾರ್ಪ್ ಎಲ್ಲಿಂದ ತರೋದು ಅಂತ ಚಿಂತೆ ಬೇಡ, ಪಿಯಾನೊದಲ್ಲೂ ನುಡಿಸಬಹುದು. ಮಕ್ಕಳಿಲ್ಲದಿದ್ದರೆ ಹೆಂಗಸರು ಹಾಡಬಹುದು. 1942ರ ಡಿಸೆಂಬರಿನಲ್ಲಿ ಮೊದಲ ಸಲ ಹಾಡಿದವರೂ ಹೆಂಗಸರೇ. ಗಂಡು ದನಿಯೂ ಸೇರಿದ ಕ್ವಾಯರ್‌ಗಾಗಿ ಬೇರೆ ರೂಪ ಸಿಗುತ್ತದೆ, ಆದರೆ ನನಗೆ ಅದು ದಪ್ಪವಾಗಿ ಕೇಳಿಸುತ್ತದೆ. ಕೇಳುವವರು ಬ್ರಿಟ್ಟನ್ ಅವರೇ 1953ರಲ್ಲಿ ಕೋಪನ್‌ಹೇಗನ್ ಬಾಲಕರ ಕ್ವಾಯರ್‌ನಿಂದ ಹಾಡಿಸಿದ ಧ್ವನಿಮುದ್ರಣ ಹುಡುಕಿ. ಡೇನಿಷ್ ಹುಡುಗರ ಬಾಯಲ್ಲಿ ಹಳೇ ಇಂಗ್ಲಿಷ್. ಉಚ್ಚಾರಣೆ ಅಲ್ಲಲ್ಲಿ ವಿಚಿತ್ರ, ಉತ್ಸಾಹ ಮಾತ್ರ ಬೇರೆಲ್ಲೂ ಸಿಗುವುದಿಲ್ಲ.

ಹನ್ನೆರಡು ಜನರ ಗುಂಪಾಗಿದ್ದರೆ ಬ್ರಿಟ್ಟನ್ ಅವರದೇ ಇನ್ನೊಂದು ಚಿಕ್ಕ ಹಾಡಿದೆ. 'ಎ ಹಿಮ್ ಟು ದಿ ವರ್ಜಿನ್', 1930ರದು. ಆಗ ಅವರಿಗೆ 16 ವರ್ಷ, ಹುಷಾರು ತಪ್ಪಿ ಶಾಲೆಯ ಆಸ್ಪತ್ರೆ ಕೋಣೆಯಲ್ಲಿ ಮಲಗಿದ್ದಾಗ ಬರೆದದ್ದು. ಪದ್ಯ ಸುಮಾರು 1300ರ ಕಾಲದ್ದು, ಮೇರಿ ಮಾತೆಯ ಸ್ತುತಿ. ಅದರಲ್ಲಿ ಒಂದು ಸಾಲು ಇಂಗ್ಲಿಷ್, ಒಂದು ತುಂಡು ಲ್ಯಾಟಿನ್. ಬ್ರಿಟ್ಟನ್ ಅದನ್ನೇ ಉಪಾಯವಾಗಿ ಬಳಸಿದರು. ದೊಡ್ಡ ಗುಂಪು ಇಂಗ್ಲಿಷ್ ಹಾಡುತ್ತದೆ, ದೂರದಲ್ಲಿ ನಿಂತ ಸಣ್ಣ ಗುಂಪು ಲ್ಯಾಟಿನ್‌ನಲ್ಲಿ ಉತ್ತರ ಕೊಡುತ್ತದೆ. ಮೂರೂವರೆ ನಿಮಿಷದಲ್ಲಿ ಮುಗಿಯುತ್ತದೆ. 1976ರಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಈ ಹಾಡನ್ನೂ ಹಾಡಿದರು.

ರಾಗ ಬೇಕಿದ್ದರೆ: ಡ್ಯುರುಫ್ಲೆ

ಒಂದೇ ಒಂದು ಹೆಸರು ಹೇಳು ಅಂದರೆ ನಾನು ಮೋರಿಸ್ ಡ್ಯುರುಫ್ಲೆ ಅನ್ನುತ್ತೇನೆ. ಪಕ್ಷಪಾತ ಅನ್ನಿ, ಪರವಾಗಿಲ್ಲ.

ಫ್ರಾನ್ಸಿನ ರೂಆನ್ ಕಥೀಡ್ರಲ್‌ನಲ್ಲಿ ಬಾಲಗಾಯಕನಾಗಿ ಬೆಳೆದವರು. ದಿನವೂ ಚಾಂಟ್ ಹಾಡಿ ಹಾಡಿ ಅದು ಮೈಗೆ ಹತ್ತಿತ್ತು. ಮುಂದೆ ಪ್ಯಾರಿಸ್‌ನ ಸಾಂತ್ ಎತಿಯೆನ್ ದ್ಯು ಮೋಂ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಬರೆದದ್ದು ತುಂಬ ಕಡಿಮೆ, ತಿದ್ದಿದ್ದು ತುಂಬ ಜಾಸ್ತಿ. 1947ರ 'ರೆಕ್ವಿಯೆಮ್' ಅವರ ದೊಡ್ಡ ಕೃತಿ, ತಂದೆಯ ನೆನಪಿಗೆ ಅರ್ಪಿಸಿದ್ದು. ತೀರಿಕೊಂಡವರಿಗಾಗಿ ಮಾಡುವ ಪೂಜೆಯ ಚಾಂಟ್‌ಗಳನ್ನೇ ಎತ್ತಿ, ಸುತ್ತ ಸ್ವರಗಳನ್ನು ಹೆಣೆದಿದ್ದಾರೆ. ಸುಮಾರು 40 ನಿಮಿಷ. ನಡುವಿನ 'ಪಿಯೆ ಯೇಸು' ಭಾಗದಲ್ಲಿ ಕ್ವಾಯರ್ ಬಾಯಿ ಮುಚ್ಚಿಕೊಂಡಿರುತ್ತದೆ, ಒಂದು ಹೆಣ್ಣು ದನಿ, ಜೊತೆಗೆ ಒಂದು ಚೆಲ್ಲೊ, ವಯಲಿನ್ ಜಾತಿಯ ದೊಡ್ಡ ವಾದ್ಯ. ರಾತ್ರಿ ಹೊತ್ತು ಒಬ್ಬರೇ ಕೂತು ಕೇಳುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಹೇಳಲಾರೆ. ಮೂರು ರೂಪಗಳಿವೆ: ದೊಡ್ಡ ಆರ್ಕೆಸ್ಟ್ರಾ, ಆರ್ಗನ್ ಮಾತ್ರ, ಸಣ್ಣ ಆರ್ಕೆಸ್ಟ್ರಾ. ಮನೆಯಲ್ಲಿ ಕೇಳಲು ಆರ್ಗನ್ ರೂಪವೇ ವಾಸಿ. ದೊಡ್ಡ ಆರ್ಕೆಸ್ಟ್ರಾದಲ್ಲಿ ಚಾಂಟ್ ಕೆಲವು ಕಡೆ ಮುಚ್ಚಿಹೋಗುತ್ತದೆ.

ಹಾಡುವವರಿಗೆ ಬೇಕಾದದ್ದು 1960ರ ನಾಲ್ಕು ಮೋಟೆಟ್‌ಗಳು, ಅಂದರೆ ಚರ್ಚಿನ ಚಿಕ್ಕ ವೃಂದಗಾನಗಳು. ವಾದ್ಯ ಬೇಡ, ನಾಲ್ಕೂ ಸೇರಿ ಎಂಟು ನಿಮಿಷದಷ್ಟು. ಅದರಲ್ಲಿ ಮೊದಲನೆಯದು 'ಊಬಿ ಕಾರಿತಾಸ್'. "ಪ್ರೀತಿ ಎಲ್ಲಿದೆಯೋ ದೇವರು ಅಲ್ಲಿ" ಅಂತ ಅರ್ಥ. ಗುಡ್ ಫ್ರೈಡೇ ಹಿಂದಿನ ದಿನ ಪಾದ ತೊಳೆಯುವ ಆಚರಣೆಯಲ್ಲಿ ಹಾಡುವ ಚಾಂಟ್ ಇದು. ಬೇರೆಯವರಾಗಿದ್ದರೆ ರಾಗವನ್ನು ಹೆಂಗಸರ ಎತ್ತರದ ದನಿಯಾದ ಸೊಪ್ರಾನೊಗಳಿಗೆ ಕೊಡುತ್ತಿದ್ದರು. ಡ್ಯುರುಫ್ಲೆ ಶುರುವಿನಲ್ಲಿ ಸೊಪ್ರಾನೊಗಳನ್ನು ಸುಮ್ಮನೆ ನಿಲ್ಲಿಸುತ್ತಾರೆ. ರಾಗ ಹೆಂಗಸರ ಕೆಳದನಿಯಾದ ಆಲ್ಟೊಗಳದು, ಕೆಳಗೆ ಗಂಡಸರ ದನಿ. ಹಾಗಾಗಿ ಹಾಡು ಮಬ್ಬು ಬೆಳಕಿನಲ್ಲಿ ಶುರುವಾಗುತ್ತದೆ. ಆಮೇಲೆ ಸೊಪ್ರಾನೊ ಬಂದಾಗ ಯಾರೋ ಕಿಟಕಿ ತೆರೆದಂತಾಗುತ್ತದೆ.

ಇಲ್ಲಿ ಎಡವುವುದು ಎಲ್ಲಿ ಗೊತ್ತಾ? ಲಯದಲ್ಲಿ. ಪುಟದಲ್ಲಿ ತಾಳದ ಗುರುತು ಪದೇ ಪದೇ ಬದಲಾಗುತ್ತದೆ, ಎರಡರ ಗುಂಪು, ಮೂರರ ಗುಂಪು ಅಂತ. ನಾವು ಮೊದಲ ವಾರವೆಲ್ಲ ಒಂದು-ಎರಡು-ಮೂರು ಎಣಿಸುತ್ತಾ ಕೂತೆವು. ಸೇನೆಯ ಕವಾಯತು ಥರ ಕೇಳುತ್ತಿತ್ತು. ಕೊನೆಗೆ ದಾರಿ ತೋರಿಸಿದ್ದು ನಮ್ಮ ಗುಂಪಿನ ಒಬ್ಬ ಆಲ್ಟೊ. ಅವರ ತಾಯಿ ಗಮಕಿ. "ಕುಮಾರವ್ಯಾಸ ಓದುವಾಗ ಯಾರಾದ್ರೂ ತಾಳ ಹಾಕ್ತಾರಾ? ಮಾತು ಎಲ್ಲಿಗೆ ಹೋಗುತ್ತೋ ರಾಗ ಅಲ್ಲಿಗೆ ಹೋಗುತ್ತೆ, ಅಷ್ಟೇ" ಅಂದರು. ಅವತ್ತು ಲ್ಯಾಟಿನ್ ಸಾಲುಗಳನ್ನು ಸ್ವರವಿಲ್ಲದೆ ಬರೀ ಓದಿದೆವು, ಹತ್ತು ಸಲ. ಹನ್ನೊಂದನೇ ಸಲ ಸ್ವರ ಸೇರಿಸಿದಾಗ ಹಾಡು ತಾನಾಗಿ ಉಸಿರಾಡತೊಡಗಿತು.

ಇದೇ ಪದಗಳಿಗೆ ನಾರ್ವೆಯ ಓಲಾ ಯೈಲೋ ಬರೆದ ಹಾಡೂ ಇದೆ. ಚಾಂಟಿನ ಗಾಳಿ ಅದರಲ್ಲೂ ಇದೆ, ರಾಗ ಮಾತ್ರ ಹೊಸದು. ಹೊಸ ಕ್ವಾಯರ್‌ಗಳು ಅದನ್ನು ಬೇಗ ಹಿಡಿಯುತ್ತವೆ, ಸಭಿಕರಿಗೂ ಇಷ್ಟ. ನನಗೆ ನಾಲ್ಕನೇ ಸಲಕ್ಕೆ ಸಾಕೆನಿಸಿತು. 2011ರಲ್ಲಿ ಬ್ರಿಟಿಷ್ ರಾಜಕುಮಾರ ವಿಲಿಯಮ್ ಮದುವೆಯಲ್ಲಿ ಕೇಳಿಸಿದ್ದು ಮತ್ತೊಂದು 'ಊಬಿ ಕಾರಿತಾಸ್', ಪಾಲ್ ಮೀಲರ್ ಅವರದು. ಅಂಗಡಿಯಲ್ಲಿ ಕೇಳುವಾಗ ಹೆಸರಿನ ಜೊತೆ ಬರೆದವರ ಹೆಸರೂ ಹೇಳಿ, ಇಲ್ಲದಿದ್ದರೆ ತಪ್ಪು ಪ್ರತಿ ಕೈಗೆ ಬರುತ್ತದೆ.

ಮೌನ ಬೇಕಿದ್ದರೆ: ಪ್ಯಾರ್ಟ್

ಆರ್ವೊ ಪ್ಯಾರ್ಟ್ 1935ರಲ್ಲಿ ಎಸ್ಟೋನಿಯಾದಲ್ಲಿ ಹುಟ್ಟಿದವರು. ಬೆಳೆದದ್ದು ಸೋವಿಯತ್ ಆಡಳಿತದ ಕಾಲದಲ್ಲಿ. 1968ರಲ್ಲಿ 'ಕ್ರೆಡೋ' ಅನ್ನುವ ಕೃತಿಯಲ್ಲಿ ಕ್ರಿಸ್ತನಲ್ಲಿ ನಂಬಿಕೆಯನ್ನು ನೇರವಾಗಿ ಹೇಳಿ ಅಧಿಕಾರಿಗಳ ಸಿಟ್ಟಿಗೆ ಗುರಿಯಾದರು. ಆಮೇಲಿನ ಎಂಟು ವರ್ಷ ಹೆಚ್ಚೇನೂ ಬರೆಯಲಿಲ್ಲ. ಚಾಂಟ್ ಮತ್ತು ಮಧ್ಯಯುಗದ ಸಂಗೀತವನ್ನು ಕೂತು ಕಲಿತರು, ನೋಟ್‌ಬುಕ್ ಗಟ್ಟಲೆ ಒಂಟಿ ರಾಗಗಳನ್ನು ಬರೆದರು. 1976ರಲ್ಲಿ ಹೊಸ ದಾರಿ ಸಿಕ್ಕಿತು. ಅದಕ್ಕೆ 'ಟಿಂಟಿನ್ನಾಬುಲಿ' ಅಂತ ಹೆಸರಿಟ್ಟರು. ಕಿರುಗಂಟೆ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ಅದರ ಒಳಗುಟ್ಟು ಸರಳ. ಎರಡು ದನಿ. ಒಂದು ಚಾಂಟಿನಂತೆ ಪಕ್ಕದ ಸ್ವರದಿಂದ ಪಕ್ಕದ ಸ್ವರಕ್ಕೆ ಹೆಜ್ಜೆ ಇಡುತ್ತದೆ. ಇನ್ನೊಂದಕ್ಕೆ ಮೂರೇ ಸ್ವರಗಳ ಒಳಗೆ ಓಡಾಡಲು ಅನುಮತಿ, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಸ-ಗ-ಪ. ತಂಬೂರಿ ನೆನಪಾಗುತ್ತದೆ ಅಲ್ವಾ? ನನಗೂ ಆಗಿತ್ತು. ಆದರೆ ತಂಬೂರಿ ಹಾಡಿನ ಹಿಂದೆ ಅಲ್ಲಾಡದೆ ನಿಲ್ಲುತ್ತದೆ. ಇಲ್ಲಿ ಎರಡನೇ ದನಿ ಮೊದಲನೆಯದರ ಪಕ್ಕದಲ್ಲೇ, ಅಕ್ಷರಕ್ಕೆ ಅಕ್ಷರ ಸೇರಿಸಿ ನಡೆಯುತ್ತದೆ. ಒಮ್ಮೆ ಹತ್ತಿರ ಬಂದು ಉಜ್ಜುತ್ತದೆ, ಒಮ್ಮೆ ದೂರ ಸರಿದು ತಿಳಿಯಾಗುತ್ತದೆ.

1989ರ 'ಮ್ಯಾಗ್ನಿಫಿಕಾಟ್' (ಮೇರಿ ಮಾತೆ ದೇವರನ್ನು ಕೊಂಡಾಡುವ ಹಾಡು) ಏಳು ನಿಮಿಷದ್ದು, ವಾದ್ಯವಿಲ್ಲ. ಅದರಲ್ಲಿ ಒಬ್ಬ ಸೊಪ್ರಾನೊಗೆ ಹೆಚ್ಚುಕಡಿಮೆ ಒಂದೇ ಸ್ವರ. ಸುತ್ತ ಬೇರೆ ದನಿಗಳು ಬಂದು ಹೋಗುತ್ತವೆ, ಅವರು ದೀಪದ ಹಾಗೆ ಅದೇ ಜಾಗದಲ್ಲಿ ನಿಂತಿರುತ್ತಾರೆ. 'ದಾ ಪಾಚೆಮ್ ದೋಮಿನೆ' ಇನ್ನೂ ಚಿಕ್ಕದು. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಪ್ಯಾರ್ಟ್ ಎರಡು ದಿನದ ನಂತರ ಇದನ್ನು ಬರೆಯಲು ಶುರು ಮಾಡಿದರು. "ಪ್ರಭುವೇ, ಶಾಂತಿ ಕೊಡು" ಅನ್ನುವ 9ನೇ ಶತಮಾನದ ಚಾಂಟ್ ಇದರ ಬುನಾದಿ. ಆದರೆ ಚಾಂಟ್ ಎಲ್ಲಿದೆ ಅಂತ ಕಿವಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ, ಅಷ್ಟು ಎಳೆದು ನಿಧಾನ ಮಾಡಿದ್ದಾರೆ.

ಪುಟ ನೋಡಿದರೆ ಇದರಷ್ಟು ಸುಲಭದ್ದು ಇಲ್ಲ. ಉದ್ದುದ್ದ ಸ್ವರಗಳು, ಓಟವಿಲ್ಲ, ಎತ್ತರದ ಕಿರುಚಾಟವಿಲ್ಲ. ನಾವೂ ಹಾಗೇ ಮೋಸಹೋದೆವು. ಕಾರ್ಪೆಟ್ ಹಾಸಿದ ಒಂದು ಸಭಾಂಗಣದಲ್ಲಿ ಹಾಡಿದೆವು. ಮುಗಿದ ಮೇಲೆ ಯಾರೋ ಕುತೂಹಲಕ್ಕೆ ಪಿಯಾನೊ ಒತ್ತಿ ನೋಡಿದರೆ, ಶುರು ಮಾಡಿದ ಶ್ರುತಿಗಿಂತ ಅರ್ಧ ಸ್ವರ ಕೆಳಗಿದ್ದೆವು. ಐದೇ ನಿಮಿಷದಲ್ಲಿ! ಬಚ್ಚಿಟ್ಟುಕೊಳ್ಳಲು ಇದರಲ್ಲಿ ಜಾಗವೇ ಇಲ್ಲ. ಒಬ್ಬರ ಉಸಿರು ಸೋತರೂ ಎಲ್ಲರಿಗೂ ಕೇಳುತ್ತದೆ. ಮೌನವೂ ಬರೆದ ಸಂಗೀತದ ಭಾಗ, ಅದಕ್ಕೆ ಕಲ್ಲಿನ ಗೋಡೆಯ ಮಾರ್ದನಿ ಬೇಕು. ಕಾರ್ಪೆಟ್, ಪರದೆ ಇರುವ ಕೋಣೆಯಲ್ಲಿ ಆ ಮೌನ ಬರೀ ಖಾಲಿ.

ಹಾಗಾಗಿ ಪ್ಯಾರ್ಟ್ ಅವರನ್ನು ಮೊದಲು ಕೇಳಿ, ಆಮೇಲೆ ಹಾಡುವ ಯೋಚನೆ ಮಾಡಿ. ಪಾಲ್ ಹಿಲಿಯರ್ ನಡೆಸಿದ ಎಸ್ಟೋನಿಯನ್ ಫಿಲ್ಹಾರ್ಮೋನಿಕ್ ಚೇಂಬರ್ ಕ್ವಾಯರ್‌ನ 'ದಾ ಪಾಚೆಮ್' ಆಲ್ಬಮ್ ಒಳ್ಳೆಯ ಬಾಗಿಲು. ಎಪ್ಪತ್ತು ನಿಮಿಷದ 'ಪಾಸಿಯೊ' ಈಗಲೇ ಬೇಡ. ಅದಕ್ಕೆ ತಾಳ್ಮೆ ಬೆಳೆಸಿಕೊಂಡು ಹೋಗಬೇಕು.

ಹಾಡುವ ಗೊಡವೆಯೇ ಬೇಡ ಅನ್ನುವವರಿಗೆ ನಾಲ್ಕನೆಯದೊಂದಿದೆ. 1994ರ 'ಒಫೀಸಿಯುಮ್' ಆಲ್ಬಮ್. ಇಲ್ಲಿ ಹಳೆಯ ಹಾಡನ್ನು ಮುಟ್ಟಿಯೇ ಇಲ್ಲ. ಹಿಲಿಯರ್ಡ್ ಎನ್ಸೆಂಬಲ್‌ನ ನಾಲ್ವರು ಗಂಡಸರು ಅದನ್ನು ಇದ್ದ ಹಾಗೇ ಹಾಡುತ್ತಾರೆ, ನಾರ್ವೆಯ ಯಾನ್ ಗಾರ್ಬರೆಕ್ ಅದರ ಮೇಲೆ ಸ್ಯಾಕ್ಸೊಫೋನಿನಲ್ಲಿ ಮನೋಧರ್ಮಕ್ಕೆ ಬಂದದ್ದನ್ನು ನುಡಿಸುತ್ತಾರೆ. ಆಸ್ಟ್ರಿಯಾದ ಬೆಟ್ಟದ ಮಠವೊಂದರಲ್ಲಿ ಮುದ್ರಿಸಿದ್ದು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಕೆಲವು ಪಂಡಿತರು ಮೂಗು ಮುರಿದರು. ಕಚೇರಿಯಲ್ಲಿ ವಯಲಿನ್ ಕೇಳಿ ಬೆಳೆದ ನಮಗೆ ಹಾಡಿನ ಬೆನ್ನಿಗೆ ಒಂದು ವಾದ್ಯ ಓಡಾಡುವುದು ಅಂಥ ಅಪಚಾರ ಅನ್ನಿಸುವುದಿಲ್ಲ. ಆದರೆ ಒಂದೇ ಸಲಕ್ಕೆ ಪೂರ್ತಿ ಕೇಳಬೇಡಿ, ಕೊನೆಗೆ ಎಲ್ಲ ಒಂದೇ ಥರ ಕೇಳುತ್ತದೆ.

ಕೊಳ್ಳುವ ಮೊದಲು

ಚಾಂಟ್ ಯಾರ ಸ್ವತ್ತೂ ಅಲ್ಲ, ಹಳೆಯ ಪುಸ್ತಕಗಳಿಂದ ಧಾರಾಳವಾಗಿ ಹಾಡಿ. ಉಳಿದವಕ್ಕೆ ಹಕ್ಕುಸ್ವಾಮ್ಯ ಇನ್ನೂ ಇದೆ. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ. ಅಂದರೆ 1976ರಲ್ಲಿ ತೀರಿಕೊಂಡ ಬ್ರಿಟ್ಟನ್ ಅವರದು 2036ರ ತನಕ, 1986ರಲ್ಲಿ ತೀರಿಕೊಂಡ ಡ್ಯುರುಫ್ಲೆ ಅವರದು 2046ರ ತನಕ. ಒಂದು ಪ್ರತಿ ತಂದು ಹನ್ನೆರಡು ಝೆರಾಕ್ಸ್ ಹೊಡೆಸುವ ಅಭ್ಯಾಸ ನಮ್ಮಲ್ಲೂ ಇತ್ತು, ಈಗ ಬಿಟ್ಟಿದ್ದೇವೆ. ಇಡೀ 'ಸೆರಿಮನಿ' ಕೊಳ್ಳುವುದಕ್ಕಿಂತ ಒಂದೆರಡು ಬಿಡಿ ಹಾಡುಗಳಿಂದ ಶುರು ಮಾಡಿದರೆ ಖರ್ಚೂ ಕಡಿಮೆ, ಕಲಿಯುವುದೂ ಬೇಗ.

ಜನರನ್ನೂ ಎಣಿಸಿಕೊಳ್ಳಿ. ಹೆಂಗಸರು, ಮಕ್ಕಳು ಜಾಸ್ತಿ ಇದ್ದು ಒಬ್ಬ ಪಿಯಾನೊ ನುಡಿಸುವವರು ಇದ್ದರೆ ಬ್ರಿಟ್ಟನ್. ನಾಲ್ಕು ದನಿಯೂ ಇದ್ದು, ಅದರಲ್ಲಿ ಆಲ್ಟೊಗಳು ಗಟ್ಟಿ ಇದ್ದರೆ ಡ್ಯುರುಫ್ಲೆ. ಹಳೆಯ ಕಲ್ಲಿನ ಚರ್ಚ್ ಸಿಕ್ಕಿದ್ದು, ಶ್ರುತಿಯಲ್ಲಿ ನಿಲ್ಲುವ, ಗಂಡಸರ ಕೆಳದನಿ ಹಾಡುವ ಬಾಸ್‌ಗಳಿದ್ದರೆ ಮಾತ್ರ ಪ್ಯಾರ್ಟ್. ಬಾಸ್ ಜಾರಿದರೆ ಮೇಲಿನವರೆಲ್ಲ ಜಾರುತ್ತಾರೆ, ಅನುಭವದ ಮಾತು.

ಈ ಸಲ ನಾವು ಎರಡನ್ನು ಆರಿಸಿಕೊಂಡಿದ್ದೇವೆ. ಮೊದಲು 'ಊಬಿ ಕಾರಿತಾಸ್'. ಅದಕ್ಕೂ ಮುಂಚೆ ಒಬ್ಬರೇ ಎದ್ದು ಮೂಲ ಚಾಂಟನ್ನು ಹಾಡುತ್ತಾರೆ, ರಾಗ ಎಲ್ಲಿಂದ ಬಂತು ಅಂತ ಸಭಿಕರಿಗೆ ಗೊತ್ತಾಗಲಿ ಅಂತ. ಮನೆಯಲ್ಲಿ ಕೇಳುವವರೂ ಇದೇ ಕ್ರಮದಲ್ಲಿ ಕೇಳಿ ನೋಡಿ. ಆಮೇಲೆ ಹದಿನಾರರ ಹುಡುಗ ಬರೆದ ಆ ಮೇರಿ ಸ್ತುತಿ. ಎಂಟು ಜನ ಮುಂದೆ, ಲ್ಯಾಟಿನ್ ಹಾಡುವ ನಾಲ್ವರು ಹಿಂದಿನ ಬಾಗಿಲ ಹತ್ತಿರ. ಕಳೆದ ಭಾನುವಾರ ಅಲ್ಲಿ ನಿಂತು ನೋಡಿದೆವು, ಗೋಡೆಯ ಫ್ಯಾನಿನ ಸದ್ದು ಜಾಸ್ತಿ. ಕಾರ್ಯಕ್ರಮದ ದಿನ ಆ ಮೂರೂವರೆ ನಿಮಿಷ ಅದನ್ನು ಆರಿಸೋಕೆ ವಾಚ್‌ಮನ್‌ಗೆ ಹೇಳಿಟ್ಟಿದ್ದೇವೆ.